ಮೋಟಾರಪ್ಪನವರು ಆಲ್ಬಮ್ ರಿಪೇರಿ ಮಾಡಿದ್ದು

ಮೋಟಾರಪ್ಪನವರ ಮೇಲೆ ಅವರ ಹೆಂಡತಿಗಿದ್ದ ದೂರು ಒಂದೇ. ಊರಿನ ಪಂಪು, ಫ್ಯಾನು, ಮಿಕ್ಸಿಗಳಿಗೆಲ್ಲ ಪ್ರಾಣದಾನ ಮಾಡುವ ಗಂಡ, ಸ್ವಂತ ಬಚ್ಚಲುಮನೆಯ ಬಟ್ಟೆ ಒಗೆಯುವ ಮೆಷಿನ್ನನ್ನು ಹನ್ನೊಂದು ವರ್ಷದಿಂದ ಮುಟ್ಟಿ ನೋಡಿರಲಿಲ್ಲ. ಬಟ್ಟೆ ಹಿಂಡುವ ಹೊತ್ತಿಗೆ ಅದು ಗಡಗಡ ನಡುಗಿ, ಗೋಡೆಗೆ ಡಿಕ್ಕಿ ಹೊಡೆದು, ಗುಂಯ್ ಎಂದು ನರಳಿ, ಎರಡು ಗೇಣು ಮುಂದಕ್ಕೆ ನಡೆದು ಬರುತ್ತಿತ್ತು. (ಬಚ್ಚಲಿಗೆ ಹೊಸ್ತಿಲಿಲ್ಲದಿದ್ದರೆ ಇಷ್ಟು ಹೊತ್ತಿಗೆ ಬೀದಿ ದಾಟಿರುತ್ತಿತ್ತು.)

"ನಾಳೆ ನೋಡ್ತೀನಿ ಕಣೇ. ಮನೆ ಮೆಷಿನ್ನು ಎಲ್ಲಿಗೆ ಓಡಿಹೋಗುತ್ತೆ? ಓಡಿಹೋಗೋದು ಗಿರಾಕಿ" ಎನ್ನುವುದು ಅವರ ವೇದಾಂತ.

ಹಾಗೆಂದು ಅವರ ವಿದ್ಯೆ ಸಾಮಾನ್ಯದ್ದಲ್ಲ. ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ ಬರೀ ಕಿವಿಯಿಂದ ಕಲಿತದ್ದು. ಎದುರುಮನೆಯಲ್ಲಿ ಮಿಕ್ಸಿ ತಿರುಗಿದರೆ ಕೂತಲ್ಲೇ, "ಹದಿನೈದು ದಿನ. ಆಮೇಲೆ ನನ್ನ ಅಂಗಡಿಗೇ ಬರುತ್ತೆ" ಎನ್ನುತ್ತಿದ್ದರು. ಬರುತ್ತಿತ್ತು.

ಇಂಥವರ ಮಗಳೂ ಅಳಿಯನೂ ಮಹಡಿಯ ಕೋಣೆಯಲ್ಲಿ ವೈರು, ಗುಂಡಿ, ಕಂಪ್ಯೂಟರು ಗುಡ್ಡೆ ಹಾಕಿಕೊಂಡು ಎಲೆಕ್ಟ್ರಾನಿಕ್ ಸಂಗೀತದ ಬ್ಯಾಂಡ್ ಕಟ್ಟಿದ್ದರು. ಬ್ಯಾಂಡಿನ ಹೆಸರು 'ಲೂಸ್ ಕನೆಕ್ಷನ್'. ಮೋಟಾರು ರಿಪೇರಿ ಮಾಡುವವನ ಮನೆಯಲ್ಲಿ ಇಂಥ ಹೆಸರೇ ಎಂದು ಅವರು ಎರಡು ದಿನ ಮಾತು ಬಿಟ್ಟಿದ್ದರು. ಆದರೆ ಮೊದಲ ಆಲ್ಬಮ್ ಬಿಡುಗಡೆಯ ದಿನ ಗೊತ್ತಾಗಿದ್ದೇ ತಡ, ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸ್ವಿಚ್ಚು ಕೊಳ್ಳಲು ಬಂದವರನ್ನೂ ಕರೆದರು, ದಾರಿ ಕೇಳಲು ಬಂದವರನ್ನೂ ಕರೆದರು. ಸಂಜೆ ಐದಕ್ಕೆ, ಅವರದ್ದೇ ನಡುಮನೆಯಲ್ಲಿ, ನಲವತ್ತು ಜನರೆದುರು ಆರೂ ಹಾಡುಗಳನ್ನು ನುಡಿಸುವುದು. ಫೋನಿನಲ್ಲಿ ನೋಡುವವರು ಬೇರೆ.

ಹಾಡುಗಳನ್ನು ಮೋಟಾರಪ್ಪನವರೂ ಒಮ್ಮೆ ಕೇಳಿದ್ದರು. "ಚೆನ್ನಾಗಿದೆ ಮಗಾ. ಬೇರಿಂಗ್ ಒಂದು ಹೋದ ಹಾಗಿದೆ" ಎಂದಿದ್ದರು. "ಅದೇ ಅಪ್ಪಾ ಅದರ ಚೆಂದ" ಎಂದು ಮಗಳು ನಕ್ಕಿದ್ದಳು.

ಆ ದಿನ ಬೆಳಿಗ್ಗೆ ಮಗಳು, ಅಳಿಯ ಸ್ಪೀಕರು ತರಲು, ಹೆಂಡತಿ ಬಾಡಿಗೆ ಕುರ್ಚಿ ತರಲು ಹೊರಟರು. ಮನೆಯಲ್ಲಿ ಒಬ್ಬರೇ ಉಳಿದ ಮೋಟಾರಪ್ಪನವರು ಕೈಕಾಲು ತೊಳೆಯಲು ಹೋದರೆ, ಮೆಷಿನ್ನಿನೊಳಗೆ ಜಮಖಾನವೊಂದು ಒಗೆಯಲು ಸಿದ್ಧವಾಗಿ ಕೂತಿತ್ತು. ನಲವತ್ತು ಜನ ಕೂತಾಗ ಈ ಮಹಾರಾಯಿತಿ ಮೆಷಿನ್ ಹಾಕಿದರೆ, ಮಗಳ ಸಂಗೀತದ ಗತಿಯೇನು?

ಹನ್ನೊಂದು ವರ್ಷದ 'ನಾಳೆ' ಆ ಕ್ಷಣವೇ ಇವತ್ತಾಯಿತು. ಅಂಗಿ ಬಿಚ್ಚಿ ನಿಂತು ಮೂರು ತಾಸು ಮಹಾಶಸ್ತ್ರಚಿಕಿತ್ಸೆ ನಡೆಸಿದರು. ಹೊಸ ಬೇರಿಂಗು, ಹೊಸ ಬೆಲ್ಟು, ನಾಲ್ಕೂ ಕಾಲಿಗೆ ರಬ್ಬರು. ಹಳೆಯದನ್ನೆಲ್ಲ ಗುಜರಿಯವನ ಗಾಡಿಗೆ ಎಸೆದರು. ಈಗ ಮೆಷಿನ್ನು ತಿರುಗಿದರೆ ಮಗು ಮಲಗಿದ ತೊಟ್ಟಿಲು. ಅವರ ಕಣ್ಣಲ್ಲಿ ನೀರೇ ಬಂತು.

ನಾಲ್ಕೂವರೆಗೆ ಮಗಳು ಪುಟ್ಟ ಮೈಕೊಂದನ್ನು ತಂದು ಮೆಷಿನ್ನಿನ ಬೆನ್ನಿಗೆ ಅಂಟಿಸತೊಡಗಿದಳು.

"ಅದಕ್ಯಾಕಮ್ಮಾ ಮೈಕು?"

"ನಿಮ್ಮಿಂದ ಇದೊಂದನ್ನೇ ಗುಟ್ಟಾಗಿ ಇಟ್ಟಿದ್ದೆ ಅಪ್ಪಾ. ಆರು ಹಾಡಿಗೂ ತಾಳ ಇದರದ್ದೇ. ಇದೇ ನಮ್ಮ ಡೋಲು" ಎಂದು ಮಗಳು ಸ್ವಿಚ್ ಒತ್ತಿದಳು.

ತೊಟ್ಟಿಲು ತೂಗಿತು. ಸದ್ದಿಲ್ಲ.

ಮಗಳು ಅಪ್ಪನ ಮುಖ ನೋಡಿದಳು, ಅಪ್ಪನ ಕೈಯ ಗ್ರೀಸು ನೋಡಿದಳು. "ಅಪ್ಪಾ, ಮುಟ್ಟಿದ್ರಾ?"

"ರೆಕಾರ್ಡ್ ಮಾಡಿದ್ದು ಹಾಕಿದ್ರಾಯ್ತಲ್ಲ" ಎಂದರು ಮೋಟಾರಪ್ಪನವರು, ಬಾಗಿಲ ಕಡೆ ಸರಿಯುತ್ತ.

"ಕಣ್ಣೆದುರೇ ನುಡಿಸ್ತೀವಿ ಅಂತ ಕರೆದಿದ್ದೀವಿ ಮಾವ" ಎಂದ ಅಳಿಯ. ನಡುಮನೆಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತರು. "ರೀ, ನಾನು ಕೂಗಿ ಕೂಗಿ ಗಂಟಲು ಹರ್ಕೊಂಡಾಗ ಮಾಡದವರು, ಇವತ್ತೇ ಮಾಡಬೇಕಿತ್ತಾ? ಎದುರುಮನೆ ಮಿಕ್ಸಿ ಕೇಳೋ ಕಿವಿಗೆ ಮನೆ ಸದ್ದು ಗೊತ್ತಾಗ್ಲಿಲ್ವಾ?"

"ತಡಿಯೇ, ಕೆಡಿಸೋದೇನು ಮಹಾ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆದರೆ ಇಲ್ಲಿ ಕುಂಬಾರನೇ ದೊಣ್ಣೆ ಹಿಡಿದಿದ್ದ. ಬಲಗೈ ಒಂದು ಬೋಲ್ಟು ಸಡಿಲಿಸಿದರೆ, ಐವತ್ತು ವರ್ಷದ ಅಭ್ಯಾಸಕ್ಕೆ ಎಡಗೈ ಪಕ್ಕದ್ದನ್ನು ಬಿಗಿ ಮಾಡುತ್ತಿತ್ತು. ಹತ್ತು ನಿಮಿಷ ಬೆವರಿದ ಮೇಲೆ ಮೆಷಿನ್ನು ಇನ್ನೂ ನಯವಾಯಿತು.

"ಸರೀರಿ ಆ ಕಡೆ" ಎಂದರು ಹೆಂಡತಿ. "ನೀವು ಬರೀ ನೋಡಿದವರು. ಹನ್ನೊಂದು ವರ್ಷ ಇದರ ಜೊತೆ ಏಗಿದವಳು ನಾನು."

ಮುಂದಿನ ಕಾಲಿನ ರಬ್ಬರು ಕಿತ್ತರು. ಜಮಖಾನವನ್ನು ನೀರಿಗದ್ದಿ ಒಂದೇ ಮಗ್ಗುಲಿಗೆ ತುರುಕಿದರು. ಹಿಂದಿನ ತಗಡಿನ ಎರಡು ಸ್ಕ್ರೂ ಬಿಚ್ಚಿ ಸಂದಿಗೆ ಸೌಟೊಂದನ್ನು ಸಿಕ್ಕಿಸಿದರು. ಆಮೇಲೆ ಸೆರಗು ಬಿಗಿದು, ಸೊಂಟದಿಂದ ಒಂದು ಗುದ್ದು ಕೊಟ್ಟರು.

ಗಡಗಡ, ಢಣ್, ಗುಂಯ್.

"ಅಮ್ಮಾ, ಮೊದಲಿಗಿಂತ ಚೆನ್ನಾಗಿದೆ" ಎಂದು ಕಿರುಚುತ್ತ ಮಗಳು ನಡುಮನೆಗೆ ಓಡಿದಳು.

ಆರು ಹಾಡೂ ಮುಗಿಯುವವರೆಗೆ ಹೆಂಡತಿ ಮೆಷಿನ್ನಿಗೆ ಲೆಕ್ಕ ತಪ್ಪದಂತೆ ಗುದ್ದು ಕೊಡುತ್ತ ನಿಂತರು. ಮೂರನೆಯ ಹಾಡಿಗೆ ಅಳಿಯ ಕ್ಯಾಮೆರಾವನ್ನು ಬಚ್ಚಲಿಗೇ ತಂದ. ಐದನೆಯದಕ್ಕೆ ನಲವತ್ತು ಜನವೂ ಎದ್ದು ಕುಣಿಯುತ್ತಿದ್ದರು. ದಾರಿ ಕೇಳಲು ಬಂದಿದ್ದವನಂತೂ ಕುರ್ಚಿಯ ಮೇಲೇ ಹತ್ತಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಮೋಟಾರಪ್ಪನವರು. ಗ್ರೀಸಿನ ಕೈಯಾದ್ದರಿಂದ ಪಕ್ಕದವರ ಬಿಳಿ ಅಂಗಿಗೂ ಸಂತೋಷ ಹಂಚಿಹೋಯಿತು.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಇಬ್ಬರು ಹುಡುಗಿಯರು ಟೇಬಲ್ ಫ್ಯಾನ್ ಹಿಡಿದು ನಿಂತಿದ್ದರು. ಮೋಟಾರಪ್ಪನವರು ಉಬ್ಬಿಹೋದರು. ಫ್ಯಾನಿಗೆ ಕರೆಂಟು ಕೊಟ್ಟು ಕಿವಿಯಿಟ್ಟು ಕೇಳಿದರು. ಹೂವಿನಂತೆ ತಿರುಗುತ್ತಿತ್ತು.

"ಇದಕ್ಕೇನಾಗಿದೆ ತಾಯಿ? ಚೆನ್ನಾಗೇ ಇದೆಯಲ್ಲ."

"ಅದೇ ತೊಂದರೆ ಸರ್" ಎಂದಳು ಒಬ್ಬಳು. "ನಮ್ಮದೂ ಒಂದು ಬ್ಯಾಂಡಿದೆ. ಅಮ್ಮ ಇದಾರಾ?"

ಮೋಟಾರಪ್ಪನವರು ಸ್ವಲ್ಪ ಹೊತ್ತು ಫ್ಯಾನಿನ ಗಾಳಿಗೆ ಮುಖ ಕೊಟ್ಟು ಕೂತರು. ಆಮೇಲೆ ಹುಡುಗಿಯರಿಗೆ ಸ್ಟೂಲು ಎಳೆದು ಹಾಕಿ, ಒಳಬಾಗಿಲ ಕಡೆ ತಿರುಗಿ ಕೂಗಿದರು:

"ಏ ಇವಳೇ, ನಿನಗೆ ಗಿರಾಕಿ ಬಂದಿದಾರೆ."