ಬಿ.ಇ.ಗೆ ನಾಲ್ಕು ಸಿಹಿ, ಬಿ.ಎ.ಗೆ ಒಂದು

ನಮ್ಮ ದೊಡ್ಡಪ್ಪ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಯಾವ ಡಿಗ್ರಿ ಓದಿದರೆ ಎಷ್ಟು ಸಂಪಾದನೆ ಎಂದು ಅವರಷ್ಟು ಖಚಿತವಾಗಿ ಹೇಳುವವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಹುಡುಕಿದರೂ ಸಿಗುತ್ತಿರಲಿಲ್ಲ. ಹೇಳಿದ್ದೆಲ್ಲ ತಪ್ಪಾಗಿರುತ್ತಿತ್ತು ಎನ್ನುವುದು ಬೇರೆ ಮಾತು, ಬಿಡಿ.

ಅವರು ಮದುವೆ ಅಡಿಗೆಯವರು. ಸಂಬಳ ಎಷ್ಟೆಂದು ಕೇಳಿದರೆ ಯಾರಾದರೂ ನಿಜ ಹೇಳುತ್ತಾರೆಯೇ? ಅದಕ್ಕೇ ದೊಡ್ಡಪ್ಪ ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರಿನ ಪಕ್ಕ ಅಚ್ಚಾದ ಡಿಗ್ರಿ ಓದುವುದು, ಆ ಮದುವೆಗೆ ಎಷ್ಟು ಬಗೆ ಸಿಹಿ ಮಾಡಲು ಹೇಳಿದ್ದಾರೆಂದು ನೋಡುವುದು, ಎರಡನ್ನೂ ತಾಳೆ ಹಾಕುವುದು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಅಲ್ಲಿ ಕೆಲಸಕ್ಕಿದ್ದ ಬಿ.ಇ. ಒಬ್ಬನ ಮದುವೆಗೆ ಹೋಳಿಗೆ, ಚಿರೋಟಿ, ಜಿಲೇಬಿ, ಬಾದಾಮಿ ಪಾಯಸ. ಒಟ್ಟು ನಾಲ್ಕು. ಚರಿತ್ರೆಯ ಬಿ.ಎ.ಗೆ ಬೂಂದಿ ಲಾಡು ಒಂದೇ, ಅದೂ ಪಂಕ್ತಿಗೆ ಎರಡನೇ ಸಲ ಬರುವುದಿಲ್ಲ. ಬಿ.ಕಾಂ.ಗೆ ಎರಡು. ಗಣಿತದ ಎಂ.ಎಸ್ಸಿ.ಗೂ ಎರಡೇ, ಆದರೆ ತುಪ್ಪ ಧಾರಾಳ. "ಲಾಯರಿಗೆ ಮೂರು. ಆದ್ರೆ ಊಟಕ್ಕೆ ಕೂತ್ರೂ ವಾದ ಮಾಡ್ತಾರೆ" ಎನ್ನುತ್ತಿದ್ದರು.

ಸಕ್ಕರೆ ಪಾಕಕ್ಕೆ ಸೌಟು ಇಳಿಸಿದರೆ ಸಾಕು, ದೊಡ್ಡಪ್ಪನ ಕಣ್ಣು ಎಲ್ಲಿಗೋ ಹೋಗಿಬಿಡುತ್ತಿತ್ತು. ಹೊಗೆಯ ಆಚೆ ಅವರಿಗೆ ಕಾಲೇಜಿನ ಉದ್ದನೆಯ ಮೊಗಸಾಲೆ ಕಾಣುತ್ತಿತ್ತು, ಸಾಲು ಸಾಲು ಕಿಟಕಿ, ಬೆಂಚಿನ ಮೇಲೆ ಬೆಳಗಿನ ಬಿಸಿಲು, ಯಾರೋ ಬೋರ್ಡಿನ ಮೇಲೆ ಬರೆಯುತ್ತಿರುವುದು. "ರಸಾಯನಶಾಸ್ತ್ರ ಅಂದ್ರೆ ಹೀಗೇ ಇರ್ತದೆ ಕಣೆ. ಬೆಂಕಿ, ಪಾತ್ರೆ, ಕುದಿಯೋದು. ನಂಗೆ ಆಗ ಓದಕ್ಕೆ ಬಿಟ್ಟಿದ್ರೆ..." ನನ್ನ ಹತ್ತಿರ ಆಡುತ್ತಿದ್ದ ಆ ಮಾತು ಒಮ್ಮೆಯೂ ಮುಗಿಯಲಿಲ್ಲ. ಅಷ್ಟರಲ್ಲಿ ಪಾಕ ಗಟ್ಟಿಯಾಗಿರುತ್ತಿತ್ತು. ಒಮ್ಮೆ ಆನಂದಪುರದಲ್ಲಿ ಜಿಲೇಬಿ ಕಲ್ಲಾಗಿ, ಬೀಗರು ಗಲಾಟೆ ಎಬ್ಬಿಸಿದಾಗ ದೊಡ್ಡಪ್ಪ ಶಾಂತವಾಗಿ ಹೇಳಿದ್ದು: "ಮದುಮಗ ಡಾಕ್ಟ್ರಲ್ವಾ? ಹಲ್ಲಿಗೆ ಎಂತಾದ್ರೂ ಆದ್ರೆ ಅವ್ರೇ ನೋಡ್ತಾರೆ."

ಇಂಥವರ ಸಲಹೆ ಕೇಳಲು ಜನ ಬರುತ್ತಿದ್ದರು! ಹೊಸನಗರದ ಅಂಗಡಿಯವರೊಬ್ಬರ ಮಗ ಸಸ್ಯಶಾಸ್ತ್ರ ಓದುತ್ತೇನೆಂದು ಹಟ ಹಿಡಿದಿದ್ದ. "ಸಸ್ಯಶಾಸ್ತ್ರದವ್ರದ್ದು ನಾನು ಇನ್ನೂ ಒಂದು ಮದುವೇನೂ ನೋಡ್ಲಿಲ್ಲ. ಬೇಡ" ಎಂದರು ದೊಡ್ಡಪ್ಪ. ಅಂಗಡಿಯವರು ಹುಡುಗನನ್ನು ಬಿ.ಕಾಂ.ಗೆ ಸೇರಿಸಿದರು.

ಒಂದೇ ಒಂದು ಸಲ ಅವರ ಶಾಸ್ತ್ರ ಅಲುಗಾಡಿತು. ಇಕ್ಕೇರಿ ಕಡೆ ಕನ್ನಡ ಎಂ.ಎ. ಆದವನ ಮದುವೆಗೆ ನಾಲ್ಕು ಸಿಹಿ ಹೇಳಿದರು. ಇಂಜಿನಿಯರಿಗೂ ಮೇಷ್ಟ್ರಿಗೂ ಸಮ ಸಮ ಎಂದರೇನು? ಎರಡು ವಾರ ತಲೆ ಕೆಡಿಸಿಕೊಂಡು ಕೊನೆಗೆ "ಕನ್ನಡಕ್ಕೆ ಒಳ್ಳೇ ಕಾಲ ಬಂತು" ಎಂದು ತೀರ್ಮಾನ ಮಾಡಿದರು. ಹುಡುಗಿಯ ಅಪ್ಪನಿಗೆ ಎರಡು ಅಕ್ಕಿ ಗಿರಣಿ ಇದ್ದದ್ದು ಅವರ ಗಮನಕ್ಕೇ ಬರಲಿಲ್ಲ. ನಿಮಗೆ ಆಗಲೇ ಹೊಳೆದಿರಬೇಕು. ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾನು ಪಿಯುಸಿ ಪಾಸಾದೆ. ಶಿವಮೊಗ್ಗಕ್ಕೆ ಹೋಗಿ ಸಸ್ಯಶಾಸ್ತ್ರ ಓದುತ್ತೇನೆ ಎಂದೆ. ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ಅಪ್ಪ ಒಪ್ಪಲಿಲ್ಲ. ಕೂಡಿಟ್ಟದ್ದೆಲ್ಲ ಓದಿಗೆ ಹೋದರೆ ಮದುವೆಗೆ ಏನು ಉಳಿಯುತ್ತದೆ? "ನಿನ್ನ ದೊಡ್ಡಪ್ಪನ್ನ ಕೇಳು. ಅವ್ರು ಓದು ಅಂದ್ರೆ ಓದು" ಎಂದು ಜಾರಿಕೊಂಡರು. ದೊಡ್ಡಪ್ಪ ಏನು ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು.

ನಾನು ಹೋದಾಗ ದೊಡ್ಡಪ್ಪ ಕಾಯಿ ತುರಿಯುತ್ತಿದ್ದರು.

"ಸಸ್ಯಶಾಸ್ತ್ರವಾ? ಅದ್ರ ಲೆಕ್ಕವೇ ನನ್ನ ಹತ್ರ ಇಲ್ಲ ಮಾರಾಯ್ತಿ. ಎಂತ ಅಂತ ಹೇಳ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. "ದೊಡ್ಡಪ್ಪ, ಮದುವೆ ಊಟ ಹಾಕ್ಸೋದು ಯಾರು?"

"ಯಾರಂದ್ರೆ? ಹೆಣ್ಣಿನ ಕಡೆಯವ್ರು."

"ಮತ್ತೆ ನೀವು ಇಷ್ಟು ವರ್ಷ ಲೆಕ್ಕ ಹಾಕಿದ್ದು ಯಾರ ಸಂಪಾದನೆ?"

ಅವರ ಕೈ ನಿಂತಿತು. ಗೆದ್ದೆ ಎಂದು ನನಗೆ ಖುಷಿಯಾಗಬೇಕಿತ್ತು. ಆ ಮುಖ ನೋಡಿ ಯಾಕಾದರೂ ಕೇಳಿದೆನೋ ಅನ್ನಿಸಿತು. ನನಗಲ್ಲ, ಕೈಯಲ್ಲಿದ್ದ ಅರ್ಧ ಕಾಯಿಗೆ ಹೇಳುವವರಂತೆ ಹೇಳಿದರು.

"ಆ ಲಿಂಗನಮಕ್ಕಿ ಇಂಜಿನಿಯರ್ ಮದುವೇಲಿ ಹುಡುಗಿ ಅಪ್ಪ ಹಿತ್ತಲ ಬಾಗಿಲಿಗೆ ಬಂದಿದ್ದ. ಜಿಲೇಬಿ ಸ್ವಲ್ಪ ಚಿಕ್ಕದು ಮಾಡಕ್ಕೆ ಆಗ್ತದಾ ಭಟ್ರೇ, ಅಂತ ಮೆತ್ತಗೆ ಕೇಳ್ದ. ನಾನು ನಗಾಡಿ ಕಳಿಸ್ದೆ."

ಸಂಜೆ ದೊಡ್ಡಪ್ಪ ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿ ಮುಟ್ಟಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಇವಳ ಮದುವೆ ಅಡಿಗೆ ನಂದು. ಕೂಲಿ ಬೇಡ. ಸಿಹಿ ಒಂದೇ ಸಾಕು, ಯಾರು ಏನಂದ್ರೂ ನಾನು ಉತ್ತರ ಹೇಳ್ತೀನಿ. ಆ ದುಡ್ಡಲ್ಲಿ ಇವಳನ್ನ ಓದ್ಸು."

ಅಪ್ಪ ಮೆಲ್ಲಗೆ ಕೇಳಿದರು. "ಅದನ್ನ ಓದಿದ್ರೆ ಸಂಪಾದನೆ ಎಷ್ಟು ಅಣ್ಣಯ್ಯ?"

ಮೂರು ಸೀಮೆಗೆ ಉತ್ತರ ಹೇಳುತ್ತಿದ್ದ ಮನುಷ್ಯ ತಲೆ ಅಲ್ಲಾಡಿಸಿದರು. ಬಾಗಿಲ ಹಿಂದೆ ನನಗೆ ಅಳು ತಡೆಯಲಿಲ್ಲ.

"ನಂಗೆ ಗೊತ್ತಿಲ್ಲ ಮಾರಾಯ. ಕಾಲೇಜು ಒಳಗೆ ಹೇಗಿರ್ತದೆ ಅಂತಲೇ ನಂಗೆ ಗೊತ್ತಿಲ್ಲ. ಅವಳು ಹೋಗಿ ಬಂದು ಹೇಳ್ಲಿ. ನಂಗೂ ಕೇಳ್ಬೇಕು."