ದೊಡ್ಡಮ್ಮ ಮಾದಪ್ಪನ ಬೆಟ್ಟ ಹತ್ತಿದ್ದು

ಮಳವಳ್ಳಿ ಕಡೆಯವರಾದ ನಾವು ಮಾದಪ್ಪನ ಬೆಟ್ಟಕ್ಕೆ ಹೋಗಿಬಂದರೆ, ಪ್ರಸಾದದ ಜೊತೆಗೆ ನಗುವುದಕ್ಕೂ ಏನಾದರೊಂದು ಮನೆಗೆ ಬರುತ್ತದೆ. ದೇವರ ಸನ್ನಿಧಿಗೆ ಹೋದವರು ನಗಬಹುದೇ ಎಂದರೆ, ನಗಿಸುವವನೂ ಅವನೇ ತಾನೆ? ಎಪ್ಪತ್ತರ ದಶಕದಲ್ಲಿ ಊರವರೆಲ್ಲ ಸೇರಿ ಬಸ್ಸೊಂದನ್ನು ಗೊತ್ತುಮಾಡಿಕೊಂಡು ಹೋಗಿದ್ದೆವು. ಆ ಒಂದು ಸಲದ ಸಂಗತಿಗಳನ್ನಷ್ಟೇ ಹೇಳುತ್ತೇನೆ.

ಯಾವ ನಾಲೆ?

ಕೊಳ್ಳೇಗಾಲ ದಾಟಿ ಬಹಳ ಹೊತ್ತಾದ ಮೇಲೆ ಬೆಟ್ಟಸಾಲು ಕಾಣಿಸಿತು. ಹತ್ತಿರದ್ದು ಹಸಿರು, ಅದರಾಚೆಯದು ನೀಲಿ, ಕಡೆಯದು ಬೆಟ್ಟವೋ ಮೋಡವೋ ತಿಳಿಯದು. ಎಪ್ಪತ್ತೇಳು ಮಲೆಯ ಒಡೆಯ ಎಂದು ಹಿರಿಯರು ಸುಮ್ಮನೆ ಹಾಡಲಿಲ್ಲ. ನಾನು ಕೈಮುಗಿದೆ. ಪಕ್ಕದಲ್ಲಿದ್ದ ನಮ್ಮ ನೆರೆಗದ್ದೆಯವನು ಇಂಥ ಬೆಟ್ಟ ಕಂಡದ್ದು ಅದೇ ಮೊದಲು. ಕಬ್ಬು, ಭತ್ತ, ನಾಲೆ ಇಷ್ಟೇ ಅವನ ಲೋಕ.

"ಇಷ್ಟೊಂದು ಮರಕ್ಕೆ ಯಾವ ನಾಲೆ ನೀರ್ಲಾ?" ಎಂದ.

"ನಾಲೆ ಎಲ್ಲಿ ಬತ್ತದೆ? ಮಳೆ ನೀರು ಕಣ್ಲಾ" ಎಂದೆ.

"ಮತ್ತೆ ನೀರ್ಗಂಟಿ?" ನಾಲೆಯ ನೀರು ಬಿಡುವ ನೀರುಗಂಟಿಗೂ ಅವನಿಗೂ ದಿನಾ ಜಗಳ.

"ಇಲ್ಲಿ ನೀರ್ಗಂಟಿ ಇಲ್ಲ."

"ಅದ್ಕೇ ಕಣ್ಲಾ, ಇಷ್ಟು ಸೊಂಪಾಗಿ ಬೆಳ್ದವೆ!"

ಹರಕೆ

ನಮ್ಮ ದೊಡ್ಡಮ್ಮನ ಮೊಮ್ಮಗಳಿಗೆ ಮಾತಾಡುವ ವಯಸ್ಸಾದರೂ ಮಾತು ಬಂದಿರಲಿಲ್ಲ. "ಮಗೀಗೆ ಮಾತು ಕೊಡಪ್ಪ, ತಾಳಬೆಟ್ಟದಿಂದ ನಡ್ಕಂಡೇ ಹತ್ತಿ ಬತ್ತೀನಿ" ಎಂದು ದೊಡ್ಡಮ್ಮ ಹರಕೆ ಹೊತ್ತರು. ಮಾದಪ್ಪ ಕೊಟ್ಟ, ಧಾರಾಳವಾಗಿಯೇ ಕೊಟ್ಟ. ಈಗ ಆ ಮಗು ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ.

ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಉಳಿದವರು ಪೂಜೆಗೆ ನಿಂತರೆ, ದೊಡ್ಡಮ್ಮ ನನ್ನನ್ನು ಕರೆದುಕೊಂಡು ನಡೆದೇಬಿಟ್ಟರು. ಕೆಲವು ತಿರುವು ಹತ್ತುವುದರೊಳಗೆ ಮಂಡಿ ಹಿಡಿದುಕೊಂಡಿತು. ಬಂಡೆಯ ಮೇಲೆ ಕೂತರು. ಅಷ್ಟರಲ್ಲಿ ನಮ್ಮ ಬಸ್ಸು ಬಂತು.

"ಹತ್ತು ದೊಡ್ಡಮ್ಮ, ಮಾದಪ್ಪ ಏನೂ ಅನ್ಕೊಳಲ್ಲ" ಎಂದೆ.

ದೊಡ್ಡಮ್ಮನ ಕಣ್ಣು ತುಂಬಿತು. "ಅವ್ನು ಕೊಟ್ಟ ಮಾತ ಕಿತ್ಕೊಂಡ್ರೆ ಏನ್ಲಾ ಮಾಡ್ಲಿ?"

ಡ್ರೈವರು ಎರಡು ಸಲ ಹಾರನ್ ಒತ್ತಿದ. ಕಡೆಗೆ ದೊಡ್ಡಮ್ಮನೇ ಎದ್ದು ಬಸ್ಸು ಹತ್ತಿದರು. ಜಾಗ ಬಿಟ್ಟುಕೊಟ್ಟರೆ ಕೂರಲಿಲ್ಲ. "ಕುಂತ್ರೆ ತಾನೆ ಹರಕೆ ಕೆಡಾದು? ಒಳಗೇ ನಡೀತೀನಿ ಬುಡಿ" ಎಂದು ಕಂಬಿ ಹಿಡಿದು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆಯತೊಡಗಿದರು.

ಡ್ರೈವರು ಕನ್ನಡಿಯಲ್ಲಿ ನೋಡಿ, "ನಡಿಯವ್ವ ನಡಿ. ನನ್ನ ದಾಟ್ಕಂಡು ಮಾತ್ರ ಮುಂದುಕ್ಕೋಗ್ಬ್ಯಾಡ" ಎಂದ.

ಎಲ್ಲಿದ್ದೇವೆ?

ಆ ಘಾಟಿಯ ತಿರುವುಗಳನ್ನು ಕಂಡವರಿಗೇ ಗೊತ್ತು. ಒಂದು ಕಡೆ ಬಿದಿರುಮೆಳೆ, ಇನ್ನೊಂದು ಕಡೆ ನೋಡಿದಷ್ಟೂ ಆಳವಾಗುವ ಕಣಿವೆ. ಇಂಥ ಕಡೆ ದಾರಿ ಕಡಿದವರ ಕೈಗೂ ಒಂದು ನಮಸ್ಕಾರ ಸಲ್ಲಬೇಕು. ಮಂಡ್ಯದ ಕಚೇರಿಯೊಂದರ ಗುಮಾಸ್ತರು ನಮ್ಮೊಡನೆ ಬಂದಿದ್ದರು. ಕಿಟಕಿಯಲ್ಲಿ ಬಗ್ಗಿ, "ಕೆಳಗೊಂದು ರಸ್ತೆ ಇದೆಯಲ್ಲ, ಅದು ಯಾವುದು?" ಎಂದರು.

"ನಾವು ಬಂದುದ್ದು ಸ್ವಾಮಿ" ಎಂದ ಡ್ರೈವರು.

"ಮತ್ತೆ ತಲೆ ಮೇಲಿರೋದು?"

"ನಾವು ಓಗಾದು."

"ಹಾಗಾದರೆ ನಾವು ಈಗ ಇರೋದೆಲ್ಲಿ?"

"ಮಾದಪ್ಪನ ಕೈಲಿ" ಎಂದು ಡ್ರೈವರು ಚಕ್ರ ತಿರುಗಿಸಿದ.

ಮಾದಪ್ಪನ ನ್ಯಾಯ

ಇನ್ನು ಸ್ವಲ್ಪವೇ ದೂರ ಎನ್ನುವಾಗ ಬಸ್ಸಿನ ಮೂತಿಯಿಂದ ಹೊಗೆಯೆದ್ದಿತು. ಇಂಜಿನ್ ಕಾದು ನೀರು ಕುದಿಯುತ್ತಿತ್ತು. "ಎಲ್ರೂ ಇಳ್ಕಳ್ಳಿ. ಬರೀ ಬಸ್ಸಾದ್ರೆ ಎಂಗೋ ಹತ್ತುತ್ತದೆ" ಎಂದ ಡ್ರೈವರು. ಮುದುಕರು, ಮಕ್ಕಳು, ಗುಮಾಸ್ತರು ಎಲ್ಲರೂ ಇಳಿದು ನಡೆದೆವು. ದೊಡ್ಡಮ್ಮ ನನ್ನ ಹೆಗಲು ಹಿಡಿದು ಮೆಲ್ಲಗೆ ಹತ್ತಿದರು. ಮಂಡಿನೋವಿನ ಮಾತೇ ಇಲ್ಲ, ಮುಖ ಅರಳಿತ್ತು.

"ನೋಡ್ದೇನ್ಲಾ ಮಾದಪ್ಪನ ನ್ಯಾಯವ? ನಾನೊಬ್ಳು ಕಳ್ಳಾಟ ಆಡಿದ್ಕೆ ಬಸ್ಸಿನೋರ್ನೆಲ್ಲ ನಡಸ್ದ!"

ಮೇಲೆ ತಲುಪಿದಾಗ ದೊಡ್ಡಮ್ಮ ಮಲೆಗಳ ಕಡೆ ತಿರುಗಿ, "ಉಘೇ ಮಾದಪ್ಪ! ನನ್ ಮಗೀನ ಮಾತು ಉಳೀತು" ಎಂದು ಕೈಯೆತ್ತಿ ಮುಗಿದರು. ನನ್ನ ಕಣ್ಣೂ ಒದ್ದೆಯಾಯಿತು.

ಗುಮಾಸ್ತರು ಬೆವರೊರೆಸಿಕೊಳ್ಳುತ್ತ ಬಂದು ಬಹಳ ವಿನಯದಿಂದ ಕೇಳಿದರು: "ತಾಯಿ, ಇನ್ನು ಯಾವ ಹರಕೆಯೂ ಬಾಕಿ ಇಲ್ಲ ತಾನೆ?"

"ಒಂದೇ ಒಂದು ಉಳ್ಕಂಡದೆ ಕಣಪ್ಪ" ಎಂದರು ದೊಡ್ಡಮ್ಮ. "ಉರುಳುಸೇವೆ."

ಗುಮಾಸ್ತರು ಒಮ್ಮೆ ಬಸ್ಸನ್ನು ನೋಡಿದರು, ಒಮ್ಮೆ ಕಣಿವೆಯನ್ನು ನೋಡಿದರು. ಮಾರನೆಯ ದಿನ ಬೆಟ್ಟವನ್ನು ಅವರು ನಡೆದೇ ಇಳಿದರು.