ಅಧ್ಯಕ್ಷರಿಗೆ ಸಿಗದ ಮೈಕು

ಸಭೆಗಳಲ್ಲಿ ನಗು ಬರುವ ಸಂಗತಿಗಳು ನಡೆಯುವುದು ವೇದಿಕೆಯ ಮೇಲಲ್ಲ. ಹಿಂದೆ ಕುರ್ಚಿ ಜೋಡಿಸುತ್ತ ನಿಂತವನಿಗೆ ಮಾತ್ರ ಕಾಣುವ ಜಾಗದಲ್ಲಿ ಅವು ಬಿಡುವಿಲ್ಲದೆ ನಡೆಯುತ್ತಿರುತ್ತವೆ. ನಾನು ಕುರ್ಚಿ ಜೋಡಿಸುತ್ತಿದ್ದವನು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಮಸ್ಕತ್ತಿನ ರೂವಿಯಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಂದು ಗುರುವಾರ ಸಂಜೆ ಇಂಗ್ಲಿಷಿನಲ್ಲಿ ಉಪನ್ಯಾಸ ಏರ್ಪಡಿಸುತ್ತಿದ್ದೆವು. ಬರುವವರಲ್ಲಿ ಮೈಸೂರಿನವರು, ಮಂಗಳೂರಿನವರು, ಮಲಯಾಳಿಗಳು, ತಮಿಳರು, ಒಬ್ಬಿಬ್ಬರು ಒಮಾನಿಗಳು ಇರುತ್ತಿದ್ದರು. ಎಲ್ಲರಿಗೂ ಅಷ್ಟಿಷ್ಟು ಬರುತ್ತಿದ್ದ ಭಾಷೆ ಅದೊಂದೇ. ಸಭಾಂಗಣ ಮಹಡಿಯ ಮೇಲೆ. ಕೆಳಗೆ ಒಂದು ಹೋಟೆಲು. ಅದರ ಯಜಮಾನರು ಉಳ್ಳಾಲದ ಕಡೆಯ ಬ್ಯಾರಿ, ನಮಗೆಲ್ಲ ಕಾಕಾ.

ನಮ್ಮ ಅಧ್ಯಕ್ಷರು ಮೈಸೂರಿನವರು, ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಅತಿಥಿಗಳನ್ನು ಪರಿಚಯಿಸುವುದು ಅವರ ಕೆಲಸ. ಆದರೆ ಅವರ ಮನಸ್ಸಿನಲ್ಲಿ ಅವರದೇ ಒಂದು ಉಪನ್ಯಾಸ ತಯಾರಾಗಿ ಕೂತಿತ್ತು. ವಿಷಯ ಮಧ್ಯಾಹ್ನದ ನಿದ್ದೆ. ಅಂಗಡಿಗಳು ಮಧ್ಯಾಹ್ನ ಬಾಗಿಲೆಳೆದು ಮಲಗುವ ಊರುಗಳಲ್ಲೇ ಮನುಷ್ಯರು ಮನುಷ್ಯರಾಗಿ ಉಳಿದಿದ್ದಾರೆ, ಹಳೆಯ ಮೈಸೂರೂ ಮಸ್ಕತ್ತೂ ಅದಕ್ಕೆ ಸಾಕ್ಷಿ ಎಂಬುದು ಅವರ ವಾದ. ಅಧ್ಯಕ್ಷನಾದವನು ತನ್ನನ್ನು ತಾನೇ ಕರೆದುಕೊಳ್ಳುವಂತಿಲ್ಲ. ಹಾಗಾಗಿ ಯಾರಾದರೂ ಒಬ್ಬ ಅತಿಥಿ ಕೈಕೊಟ್ಟರೆ ತಾವು ಮಾತಾಡಬಹುದೆಂದು ಅವರು ಕಾಯುತ್ತಿದ್ದರು. ಇದು ಗೊತ್ತಿದ್ದುದು ಇಬ್ಬರಿಗೆ. ನಮ್ಮಿಬ್ಬರ ಮನೆಯಿದ್ದ ವಾದಿ ಕಬೀರ್ ಬಡಾವಣೆಯಿಂದ ಒಂದೇ ಕಾರಿನಲ್ಲಿ ಬರುತ್ತಿದ್ದುದರಿಂದ ನನಗೆ. ಸೊಪ್ಪು ಬಿಡಿಸುತ್ತ ಎಷ್ಟೋ ಸಲ ಪೂರ್ತಿ ಕೇಳಿದ್ದರಿಂದ ಅವರ ಹೆಂಡತಿಗೆ.

ಹೃದಯದ ಡಾಕ್ಟರು

ಮೊದಮೊದಲು ತಿಂಡಿಯನ್ನು ಸಭೆಗೆ ಮುಂಚೆ ಕೊಡುತ್ತಿದ್ದೆವು. ಜನ ತಿಂದು, ಕೈ ತೊಳೆದು, ಹಾಗೇ ಮನೆಗೆ ಹೋಗುತ್ತಿದ್ದರು. ಕೊನೆಗೆ ಕಾಕಾ ಒಂದು ನಿಯಮ ತಂದರು. ವಂದನಾರ್ಪಣೆ ಮುಗಿಯುವವರೆಗೆ ತಟ್ಟೆ ಮೇಲೆ ಬರುವುದಿಲ್ಲ. ಆದರೆ ಎಣ್ಣೆಯ ವಾಸನೆಗೆ ನಿಯಮವಿಲ್ಲವಲ್ಲ.

ಒಂದು ಗುರುವಾರ ಹೃದಯದ ಡಾಕ್ಟರೊಬ್ಬರು ಕರಿದ ತಿಂಡಿಯ ಅಪಾಯದ ಬಗ್ಗೆ ಮಾತಾಡುತ್ತಿದ್ದರು. ಪರದೆಯ ಮೇಲೆ ಕಟ್ಟಿಕೊಂಡ ರಕ್ತನಾಳದ ಚಿತ್ರ. ಅದೇ ಹೊತ್ತಿಗೆ ಕೆಳಗಿನಿಂದ ಗೋಳಿಬಜೆಯ ವಾಸನೆ ಮೆಟ್ಟಿಲು ಹತ್ತಿ ಬಂತು. ಸಭೆ ಚಿತ್ರವನ್ನು ಬಿಟ್ಟು ಬಾಗಿಲನ್ನು ನೋಡತೊಡಗಿತು. ಡಾಕ್ಟರು ಸ್ವಲ್ಪ ಹೊತ್ತು ತಡೆದುಕೊಂಡರು, ಆಮೇಲೆ ಅವರ ಇಂಗ್ಲಿಷಿಗೆ ವೇಗ ಬಂತು. ಪ್ರಶ್ನೆಗಳಿವೆಯೇ ಎಂದಾಗ ಒಬ್ಬರು ಎದ್ದು, ತಿಂಗಳಿಗೆ ಒಂದೇ ಸಲ, ಅದೂ ಗುರುವಾರ ಮಾತ್ರ ತಿಂದರೆ ಹೇಗೆ ಎಂದು ಕೇಳಿದರು. ಡಾಕ್ಟರು ಕಣ್ಣುಮುಚ್ಚಿ ಯೋಚಿಸಿ, ಗುರುವಾರವಾದರೆ ತೊಂದರೆಯಿಲ್ಲ ಎಂದರು.

ಆಮೇಲೆ ವಿಷಯ ಯಾವುದೇ ಇರಲಿ, ಡಾಕ್ಟರು ನಮ್ಮ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ.

ಬುರೈಮಿಯಿಂದ ಬಂದವರು

ಮೇಷ್ಟ್ರ ಅದೃಷ್ಟದ ಬಾಗಿಲು ಮೊದಲ ಸಲ ತೆರೆದದ್ದು ಬುರೈಮಿಯ ಅತಿಥಿಯಿಂದ. ಗಡಿಯ ಆ ಊರಿನಲ್ಲಿ ವ್ಯಾಪಾರ ಮಾಡಿಕೊಂಡು ದೇಶ ಸುತ್ತಿದ ಹಿರಿಯರು, ಪ್ರವಾಸದ ಬಗ್ಗೆ ಮಾತಾಡಲು ಒಪ್ಪಿದ್ದರು. ಬರುವ ದಾರಿಯಲ್ಲಿ ಸೊಹಾರಿನ ಹತ್ತಿರ ಅವರ ಕಾರು ಕೆಟ್ಟು ನಿಂತಿತು. ಬೆಳಿಗ್ಗೆಯೇ ಫೋನು ಬಂತು, ಇವತ್ತು ಆಗುವುದಿಲ್ಲ, ಕ್ಷಮಿಸಿ ಅಂತ.

ಮೇಷ್ಟ್ರು ಅಯ್ಯೋ ಪಾಪ ಎಂದರು. ಆದರೆ ಸಂಜೆ ಬರುವಾಗ ಕೋಟು ಹಾಕಿಕೊಂಡು ಬಂದರು. ಮಸ್ಕತ್ತಿನ ಆ ಸೆಕೆಯಲ್ಲಿ ಕೋಟು ಹಾಕುವವರ ಉದ್ದೇಶ ಬೇರೆ ಹೇಳಬೇಕಾಗಿಲ್ಲ. ನಾನು ಮೈಕಿನ ಮುಂದೆ ಹೋಗಿ, ಅತಿಥಿಗಳು ಬರಲಾಗಲಿಲ್ಲ, ಅಧ್ಯಕ್ಷರೇ ಮಾತಾಡಬೇಕೆಂದು ಕೋರುತ್ತೇವೆ ಅಂದೆ. ಮೇಷ್ಟ್ರು ಬೇಡ ಬೇಡ ಎನ್ನುತ್ತಲೇ ಎದ್ದು, ನೀರು ಕುಡಿದು, ಮೈಕನ್ನು ತಮ್ಮ ಎತ್ತರಕ್ಕೆ ಸರಿಮಾಡಿಕೊಂಡರು. 'ಲೇಡೀಸ್ ಅಂಡ್ ಜಂಟಲ್‌ಮೆನ್' ಎಂದರು. ಬಾಗಿಲು ತೆರೆಯಿತು.

ಮುಂದೆ ಕಾಕಾ, ಹಿಂದೆ ಬುರೈಮಿಯ ಅತಿಥಿ. ಅವರ ಹೆಗಲ ಮೇಲೆ ಕೊತ್ತಂಬರಿಯ ಒಂದು ಎಸಳು. ಸುದ್ದಿ ತಿಳಿದ ಕಾಕಾ ಯಾರಿಗೂ ಹೇಳದೆ, ಸೊಹಾರಿನಿಂದ ತರಕಾರಿ ತರುವ ತಮ್ಮ ಭಾವನ ಪಿಕಪ್ಪಿಗೆ ಫೋನು ಮಾಡಿ ಅತಿಥಿಯನ್ನು ಹತ್ತಿಸಿಕೊಂಡು ಬರಲು ಹೇಳಿದ್ದರು.

ಮೇಷ್ಟ್ರು ಮೈಕನ್ನು ಅತಿಥಿಯ ಎತ್ತರಕ್ಕೆ ಇಳಿಸಿ ಕೆಳಗೆ ಬಂದರು. "ದೊಡ್ಡ ಉಪಕಾರ ಆಯ್ತು ಕಾಕಾ," ಎಂದರು. ಅಂಥ ದುಃಖದ ಕೃತಜ್ಞತೆಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಕಾಕಾಗೆ ಬಹಳ ಸಂತೋಷವಾಯಿತು. "ಇನ್ನು ನೀವು ಹೆದರ್ಬೇಡಿ ಮಾಷ್ಟ್ರೇ. ಯಾರು ಎಲ್ಲಿ ಬಾಕಿಯಾದ್ರೂ ನನಗೊಂದು ಮಾತು ಹೇಳಿ. ಹಿಡಿದು ತರ್ತೇನೆ."

ಮೇಜು ಬಡಿದ ಪ್ರೊಫೆಸರು

ಇನ್ನೊಮ್ಮೆ ಬಂದವರು ಜರ್ಮನಿಯ ಪ್ರೊಫೆಸರು. ವಿಶ್ವವಿದ್ಯಾಲಯವೇ ಊರಾಗಿರುವಂಥ ಒಂದು ಊರಿನವರು. ಅಲ್ಲಿಯೂ ಇಂಗ್ಲಿಷಿನಲ್ಲಿ ಉಪನ್ಯಾಸ, ನಾಟಕ, ಕಾವ್ಯವಾಚನ ವಾರವಾರವೂ ನಡೆಯುತ್ತವಂತೆ. ಒಮಾನಿನ ಹಳೆಯ ನೀರಿನ ಕಾಲುವೆಗಳನ್ನು ನೋಡಲು ಬಂದಿದ್ದರು, ಅದರ ಬಗ್ಗೆಯೇ ಮಾತು.

ಆರು ಗಂಟೆ ಎಂದು ಹಾಕಿದ್ದೆವು. ಆರು ಎಂದರೆ ಏಳು ಎಂಬುದು ನಮ್ಮವರಿಗೆಲ್ಲ ಗೊತ್ತು, ಪ್ರೊಫೆಸರಿಗೆ ಗೊತ್ತಿಲ್ಲ. ಅವರು ಆರಕ್ಕೇ ಬಂದು ಕುಳಿತರು. ಆಗ ಸಭೆಯಲ್ಲಿದ್ದುದು ಮೇಷ್ಟ್ರು, ಅವರ ಹೆಂಡತಿ ಮತ್ತು ನಾನು. ಕಾಯಿಸುವುದು ಸರಿಯಲ್ಲವೆಂದು ಮೇಷ್ಟ್ರು ಪರಿಚಯ ಶುರು ಮಾಡಿದರು. ಉಪನ್ಯಾಸ ಸಿಗದ ಸಂಕಟವನ್ನು ಪರಿಚಯದಲ್ಲೇ ತೀರಿಸಿಕೊಳ್ಳುತ್ತಿದ್ದ ಕಾಲ ಅದು. ಅತಿಥಿಯ ಪರಿಚಯ ನೈಲ್ ನದಿಯಿಂದ ಹೊರಟು ಅತಿಥಿಯನ್ನು ಮುಟ್ಟುತ್ತಿತ್ತು.

ನೈಲ್ ದಾಟುವುದರೊಳಗೆ ಪ್ರೊಫೆಸರು ಬೆರಳ ಗೆಣ್ಣುಗಳಿಂದ ಮೇಜನ್ನು ಟಕಟಕ ಬಡಿದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಹೇಳುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಕುಳಿತರು. ಅವರ ಹೆಂಡತಿ ಪ್ರೊಫೆಸರನ್ನು ಗೌರವದಿಂದ ನೋಡಿದರು.

ಏಳಕ್ಕೆ ಉಪನ್ಯಾಸ ಮುಗಿಯಿತು, ಜನ ಬಂದರು. ತುಂಬಿದ ಸಭೆ, ಮುಗಿದ ಅತಿಥಿ. ಮೇಷ್ಟ್ರು ನನ್ನತ್ತ ನೋಡಿದರು. ನಾನು ಮೈಕಿನತ್ತ ಹೊರಟಿದ್ದೆ. ಅಷ್ಟರಲ್ಲಿ ಪ್ರೊಫೆಸರು ಎದ್ದು, ಇಷ್ಟು ಜನ ನಿರಾಸೆಯಿಂದ ಹೋಗುವುದು ಬೇಡ, ನಾನು ಇನ್ನೊಮ್ಮೆ ಮೊದಲಿನಿಂದ ಹೇಳುತ್ತೇನೆ ಎಂದರು. ಹೇಳಿದರು, ಒಂದು ಚಿತ್ರವನ್ನೂ ಬಿಡದೆ.

ಚಹಾ ಕುಡಿಯುವಾಗ ನಾನು ಮೇಜಿನ ವಿಷಯ ಎತ್ತಿದೆ. ಅವರ ಕಡೆ ವಿಶ್ವವಿದ್ಯಾಲಯಗಳಲ್ಲಿ ಚಪ್ಪಾಳೆ ತಟ್ಟುವುದಿಲ್ಲವಂತೆ. ಮಾತು ಇಷ್ಟವಾದರೆ ಮೇಜು ಬಡಿಯುತ್ತಾರಂತೆ. ಅಷ್ಟು ಚೆಂದದ ಪರಿಚಯವನ್ನು ನಿಮ್ಮ ಅಧ್ಯಕ್ಷರು ಯಾಕೆ ನಿಲ್ಲಿಸಿದರೋ ಎಂದು ಅವರೇ ಬೇಸರಪಟ್ಟರು.

ಮೇಷ್ಟ್ರು ಕಪ್ಪು ಕೆಳಗಿಟ್ಟು ನನಗೆ ಕನ್ನಡದಲ್ಲಿ ಹೇಳಿದರು. "ಮೊದಲೇ ಹೇಳಬಾರದಿತ್ತೇ? ಎರಡನೇ ಸಲಕ್ಕೆ ಪರಿಚಯವನ್ನೂ ಮೊದಲಿನಿಂದ ಮಾಡ್ತಿದ್ದೆ."

ಎರಡು ಮಾತು

ಹೀಗೇ ವರ್ಷಗಳು ಹೋದವು. ಮೇಷ್ಟ್ರ ಕೆಲಸದ ಅವಧಿ ಮುಗಿಯಿತು, ವೀಸಾ ಮುಗಿಯಿತು, ಮೈಸೂರಿಗೆ ಹೊರಡುವ ದಿನ ಹತ್ತಿರ ಬಂತು. ಹೊರಡುವ ಹಿಂದಿನ ಗುರುವಾರದ ಸಭೆಯನ್ನು ಅವರಿಗೇ ಮೀಸಲಿಟ್ಟೆವು. ಉಪನ್ಯಾಸಕರು ಅವರೇ. ಇನ್ನು ಯಾವ ಪಿಕಪ್ಪೂ ಯಾರನ್ನೂ ತರುವಂತಿರಲಿಲ್ಲ.

ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಆಯಿತು. ಆಮೇಲೆ ಯಾರೋ ಒಬ್ಬರು ಮೇಷ್ಟ್ರ ಬಗ್ಗೆ ಎರಡು ಮಾತು ಹೇಳಬೇಕೆಂದರು. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರು ಸುಮ್ಮನಿದ್ದರೆ ಪ್ರೀತಿ ಕಡಿಮೆ ಎಂದಾಗುತ್ತದೆ. ಡಾಕ್ಟರು ಹೇಳಿದರು. ಮಲಯಾಳಿ ಸಂಘದವರು ಹೇಳಿದರು. ಕಟ್ಟಡದ ಒಮಾನಿ ಯಜಮಾನರು ಅರಬಿಯಲ್ಲಿ ಹೇಳಿದರು, ಕಾಕಾ ಅದನ್ನು ಕನ್ನಡಕ್ಕೆ ತಂದು, ನಡುವೆ ತಮ್ಮದೂ ಸೇರಿಸಿದರು. ಎಲ್ಲರೂ ಕೊನೆಗೆ, ಮೇಷ್ಟ್ರ ಮಾತು ಕೇಳಲು ನಾವೆಲ್ಲ ಕಾತರರಾಗಿದ್ದೇವೆ, ಹಾಗಾಗಿ ಬೇಗ ಮುಗಿಸುತ್ತೇನೆ ಎಂದು ಹೇಳಿ ಮುಂದುವರಿಸಿದರು.

ಕೊನೆಗೆ ಮೈಕು ಮೇಷ್ಟ್ರ ಕೈಗೆ ಬಂದಾಗ, ಸಭಾಂಗಣವನ್ನು ಮುಂದಿನ ಹೊತ್ತಿಗೆ ಹಿಡಿದಿದ್ದ ಕುಟುಂಬದವರು ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಹಿಡಿದು ಒಳಗೆ ಬಂದಿದ್ದರು. ಪೇಟ ಧರಿಸಿದ ಮೇಷ್ಟ್ರು, ಹಿಂದೆ ಗೋಡೆಗೆ ಏರುತ್ತಿರುವ ಬಲೂನುಗಳು. ಅವರು ಮೈಕು ನನ್ನ ಕೈಗೆ ಕೊಟ್ಟು, "ಮಕ್ಕಳ ಹಬ್ಬ, ಅವರಿಗೆ ತಡ ಆಗ್ಬಾರ್ದು," ಎಂದರು.

ಕಾರಿನಲ್ಲಿ ಮನೆಗೆ ಹೊರಟೆವು. ವಾದಿ ಕಬೀರಿನ ತಿರುವು ಬಂದಾಗ ಮೇಷ್ಟ್ರ ಹೆಂಡತಿ ಮೆಲ್ಲಗೆ ಹೇಳಿದರು. "ಹೋಗ್ಲಿ ಬಿಡಿ. ನಿಮ್ಮ ಪರಿಚಯ ಅಂತೂ ಮುಗೀತಲ್ಲ."

ಶುಕ್ರವಾರದ ಹೋಟೆಲು

ಮರುದಿನ ಮಧ್ಯಾಹ್ನದ ವಿಮಾನ. ಮನೆಯ ಪಾತ್ರೆಗಳನ್ನೆಲ್ಲ ಕೊಟ್ಟಾಗಿತ್ತು, ಹಾಗಾಗಿ ಮೇಷ್ಟ್ರೂ ಹೆಂಡತಿಯೂ ಪೆಟ್ಟಿಗೆಗಳ ಸಮೇತ ಬೆಳಿಗ್ಗೆ ಕಾಕಾನ ಹೋಟೆಲಿಗೇ ಬಂದರು. ನಾನು ಕಾಕಾನನ್ನು ಪಕ್ಕಕ್ಕೆ ಕರೆದು, ಇಷ್ಟು ವರ್ಷ ಮೇಷ್ಟ್ರು ಯಾತಕ್ಕೆ ಕಾದರೆಂದು ಹೇಳಿದೆ. ಕಾಕಾ ತಲೆಯ ಮೇಲೆ ಕೈಯಿಟ್ಟುಕೊಂಡರು. ತರಕಾರಿ ಪಿಕಪ್ಪು ನೆನಪಾಗಿರಬೇಕು. ನೇರ ಮೇಷ್ಟ್ರ ಮೇಜಿಗೆ ಹೋದರು.

"ಎಂತ ಮಾಷ್ಟ್ರೇ ನೀವು? ಮೊದಲೇ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ? ಏಳಿ, ಇಲ್ಲೇ ಮಾಡಿ."

ಹೋಟೆಲು ತುಂಬ ಶುಕ್ರವಾರದ ಗಿರಾಕಿಗಳು. ಪಾಕಿಸ್ತಾನದ ಲಾರಿ ಡ್ರೈವರುಗಳು, ಊರಾಚೆಯ ಅಮೇರಾತಿನಲ್ಲಿ ಮನೆ ಕಟ್ಟುವ ಗಾರೆಯವರು. ಕಾಕಾ ಟೀವಿ ಆರಿಸಿದರು, ಒಳಗೆ ಪರೋಟ ಬಡಿಯುವುದನ್ನು ನಿಲ್ಲಿಸಿದರು, ಹಿರಿಯರು ಮಾತಾಡುತ್ತಾರೆ ಎಂದು ಹಿಂದಿಯಲ್ಲಿ ಕೂಗಿದರು. ಮೇಷ್ಟ್ರು ಎದ್ದು ನಿಂತು ನನ್ನ ಮುಖ ನೋಡಿದರು. ಪರಿಚಯವಿಲ್ಲದೆ ಅವರಿಂದ ಶುರು ಮಾಡಲಾಗದು. ನಾನು ಎಂದೂ ಯಾರನ್ನೂ ಪರಿಚಯಿಸಿದವನಲ್ಲ. ಇವರು ನಮ್ಮ ಮೇಷ್ಟ್ರು, ಇವತ್ತೇ ಊರಿಗೆ ಹೋಗುತ್ತಿದ್ದಾರೆ ಎಂದು ಹಿಂದಿಯಲ್ಲಿ ಹೇಳಿ ಕುಳಿತೆ.

ಗಿರಾಕಿಗಳಿಗೆ ಇಂಗ್ಲಿಷ್ ಬಾರದು, ಆದರೂ ಮೇಷ್ಟ್ರು ಇಂಗ್ಲಿಷಿನಲ್ಲೇ ಮಾತಾಡಿದರು. ಇಷ್ಟು ಚೆನ್ನಾಗಿ ಮಾತಾಡುತ್ತಾರೆಂದು ನನಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಬಾಗಿಲೆಳೆಯುವ ಅಂಗಡಿಗಳ ಬಗ್ಗೆ ಹೇಳಿದರು. ಎರಡೂ ಕೈಗಳನ್ನು ಎದೆಯ ಮೇಲೆ ಮಡಿಸಿ, ಕಣ್ಣು ಮುಚ್ಚಿ, ನಿದ್ದೆ ಬರುವ ಬಗೆಯನ್ನು ತೋರಿಸಿದರು. ಕೊನೆಯಲ್ಲಿ, ಈ ಊರು ನನಗೆ ಎಷ್ಟು ಒಳ್ಳೆಯ ನಿದ್ದೆ ಕೊಟ್ಟಿತು ಎನ್ನುವಾಗ ಕಣ್ಣು ಒರೆಸಿಕೊಂಡರು. ಗಾರೆಯವನೊಬ್ಬ ಲೋಟ ಕೆಳಗಿಡುವುದನ್ನೂ ಮರೆತಿದ್ದ.

ಮಾತು ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ಎರಡೂ ಅಂಗೈ ಮೇಲಕ್ಕೆತ್ತಿ, ತುಟಿಯಲ್ಲೇ ಪ್ರಾರ್ಥನೆ ಹೇಳಿ, 'ಆಮೀನ್' ಎಂದು ಮುಖ ಸವರಿಕೊಂಡರು. ವಯಸ್ಸಾದ ಡ್ರೈವರೊಬ್ಬ ಎದ್ದು ಬಂದು ಮೇಷ್ಟ್ರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಗಲ್ಫಿನಲ್ಲಿ ಪೆಟ್ಟಿಗೆ ಹಿಡಿದು, ಕಣ್ಣೀರು ಹಾಕಿಕೊಂಡು, ಇದ್ದಕ್ಕಿದ್ದಂತೆ ಊರಿಗೆ ಹೊರಡುವವರನ್ನು ಅವನು ಬಹಳ ನೋಡಿದ್ದ.

"ಧೈರ್ಯ ತಗೊಳ್ಳಿ ಚಾಚಾ," ಎಂದ ಹಿಂದಿಯಲ್ಲಿ. "ತೀರಿಕೊಂಡವರು ನಿಮಗೆ ಏನಾಗಬೇಕು?"

ಮೇಷ್ಟ್ರು ನನ್ನನ್ನು ನೋಡಿದರು. ನಾನು ಕಾಕಾನನ್ನು ನೋಡಿದೆ. ಮೇಷ್ಟ್ರ ಹೆಂಡತಿ ದೋಸೆಯ ಕೊನೆಯ ತುಂಡನ್ನು ಚಟ್ನಿಗೆ ಅದ್ದುತ್ತ, ತಮ್ಮ ಮೈಸೂರು ಹಿಂದಿಯಲ್ಲಿ ಅವನಿಗೆ ಸಮಾಧಾನ ಹೇಳಿದರು.

"ಯಾರೂ ತೀರಿಕೊಂಡಿಲ್ಲಪ್ಪ. ಇವರು ದಿನಾ ಊಟ ಆದಮೇಲೆ ನಾಲ್ಕು ಗಂಟೆ ತನಕ ಹೀಗೇ ಕೈ ಮಡಿಸಿ, ಕಣ್ಣು ಮುಚ್ಚಿ ಇರ್ತಾರೆ."